ಮೊದಲು ತಲುಪಿದವರು ಹೊರಗೆ ಕಾದು ನಿಂತರು



ಪವಿತ್ರ ಗ್ರಂಥದಲ್ಲಿ ಓಡಿದವರ ಸಂಖ್ಯೆ ಸಣ್ಣದಲ್ಲ. ಆಹಾಬ ರಾಜನ ರಥದ ಮುಂದೆ ಪ್ರವಾದಿ ಎಲೀಯರು ಓಡಿದರು. ಗಾಜಾದ ದಾರಿಯಲ್ಲಿ ರಥದೊಳಗೆ ಓದುತ್ತ ಕುಳಿತಿದ್ದ ಇಥಿಯೋಪಿಯದ ಅಧಿಕಾರಿಯ ಬಳಿಗೆ ಫಿಲಿಪ್ಪರು ಓಡಿದರು. ಮನೆ ಬಿಟ್ಟು ಹೋಗಿದ್ದ ಕಿರಿಯ ಮಗ ದೂರದಲ್ಲಿ ಬರುತ್ತಿರುವುದನ್ನು ಕಂಡ ತಂದೆಯೊಬ್ಬ ತನ್ನ ಹಿರಿತನವನ್ನೂ ಗಾಂಭೀರ್ಯವನ್ನೂ ಬದಿಗಿಟ್ಟು ಓಡಿದ. ಆದರೆ ಪಾಸ್ಖ ಹಬ್ಬದ ಬಲಿಪೂಜೆಯಲ್ಲಿ ನಾವು ಪ್ರತಿವರ್ಷ ಕೇಳುವ ಓಟ ಇವೆಲ್ಲಕ್ಕಿಂತ ಬೇರೆಯದು. ಅಲ್ಲಿ ಓಡುವವರು ಇಬ್ಬರು. ಇಬ್ಬರ ಗುರಿಯೂ ಒಂದೇ, ಹೊರಟ ಹೊತ್ತೂ ಒಂದೇ. ಕಾಲುಗಳ ಬಲ ಮಾತ್ರ ಒಂದೇ ಅಲ್ಲ.

ಮಗ್ದಲದ ಮರಿಯಳು ಓಡೋಡಿ ಬಂದು ಸಮಾಧಿಯ ಕಲ್ಲು ಸರಿದಿದೆಯೆಂದು ಹೇಳಿದಳು. ಕೇಳಿದ ಕೂಡಲೇ ಪೇತ್ರರೂ, ಯೇಸುವಿಗೆ ಪ್ರಿಯನಾಗಿದ್ದ ಆ ಇನ್ನೊಬ್ಬ ಶಿಷ್ಯರೂ ಹೊರಟರು. ಈ ಶಿಷ್ಯರನ್ನು ಸಂತ ಯೊವಾನ್ನರೆಂದು ಧರ್ಮಸಭೆಯ ಪರಂಪರೆ ಗುರುತಿಸುತ್ತದೆ. ಇವರು ಪೇತ್ರರಿಗಿಂತ ಚಿಕ್ಕ ವಯಸ್ಸಿನವರೆಂಬುದೂ ಆ ಪರಂಪರೆಯ ಮಾತೇ. ಸ್ವಿಟ್ಜರ್ಲೆಂಡಿನ ಕಲಾವಿದ ಯೂಜೀನ್ ಬರ್ನಾಂಡ್ 1898ರಲ್ಲಿ ಬಿಡಿಸಿದ, ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿರುವ ಚಿತ್ರವೊಂದು ಇದೇ ಕ್ಷಣದ್ದು. ನಿಮ್ಮಲ್ಲಿ ಕೆಲವರು ಅದರ ಪ್ರತಿಯನ್ನು ಪಾಸ್ಖ ಹಬ್ಬದ ಕಾರ್ಡುಗಳ ಮೇಲೆ ನೋಡಿರಲೂ ಸಾಕು. ಬಿಳಿಯ ಉಡುಪಿನ ಯುವಕ ಕೈಜೋಡಿಸಿ ಮುಂದಕ್ಕೆ ಬಾಗಿದ್ದಾನೆ. ಪಕ್ಕದಲ್ಲಿ ಗಡ್ಡ ನರೆತ ಪೇತ್ರ. ಮುಖದಲ್ಲಿ ಆತಂಕ, ಆಸೆ, ಮೂರು ಬಾರಿ ಅಲ್ಲಗಳೆದ ನೋವು ಎಲ್ಲವೂ ಇವೆ. ಕೂದಲು ಗಾಳಿಗೆ ಹಾರುತ್ತಿದೆ. ಚಿತ್ರದಲ್ಲಿ ಇಬ್ಬರೂ ಇನ್ನೂ ಜೊತೆಯಲ್ಲೇ ಇದ್ದಾರೆ.

ಶುಭಸಂದೇಶದಲ್ಲಿ ಜೊತೆಯ ಓಟ ಬಹಳ ಹೊತ್ತು ಉಳಿಯಲಿಲ್ಲ. ಚಿಕ್ಕವರು ಮುಂದಾದರು, ಮೊದಲು ಸಮಾಧಿಯನ್ನು ತಲುಪಿದರು, ಬಗ್ಗಿ ನೋಡಿದರು, ಒಳಗೆ ಬಿದ್ದಿದ್ದ ನಾರುಬಟ್ಟೆಗಳನ್ನು ಕಂಡರು. ಆದರೆ ಒಳಗೆ ಹೋಗಲಿಲ್ಲ. ಪೇತ್ರರು ಏದುಸಿರು ಬಿಡುತ್ತ ಬರುವವರೆಗೆ ಕಾದರು. ಪೇತ್ರರು ಬಂದರು, ಒಳಹೊಕ್ಕರು; ಆಮೇಲೆ ಇವರೂ ಹೊಕ್ಕರು, ಕಂಡರು, ವಿಶ್ವಾಸವಿಟ್ಟರು. ಯಾಕೆ ಕಾದರು ಎಂಬುದಕ್ಕೆ ಶುಭಸಂದೇಶಕಾರರು ಕಾರಣ ಕೊಡುವುದಿಲ್ಲ. ಯಾರು ಮುಂದಾದರು ಎಂಬುದನ್ನು ಮಾತ್ರ ಮರೆಮಾಚದೆ ಬರೆದಿದ್ದಾರೆ. ಹಿಂದೆ ಬಿದ್ದದ್ದಕ್ಕೆ ಪೇತ್ರರ ಮೇಲೆ ಒಂದು ಆಕ್ಷೇಪದ ಮಾತೂ ಇಲ್ಲ.

ಈ ಓಟದ ಬಗ್ಗೆ ಧ್ಯಾನಿಸುವಾಗಲೆಲ್ಲ ನನಗೆ ಒಬ್ಬ ವೈದ್ಯರ ನೆನಪಾಗುತ್ತದೆ. ಡಾಕ್ಟರ್ ಜಾರ್ಜ್ ಷೀಹನ್ ಎಂದು ಅವರ ಹೆಸರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1918ರ ನವೆಂಬರ್ 5ರಂದು ಐರಿಷ್ ಮೂಲದ ಕಥೋಲಿಕ ಕುಟುಂಬದಲ್ಲಿ ಹುಟ್ಟಿದವರು. ತಂದೆಯೂ ವೈದ್ಯರೇ. 14 ಮಕ್ಕಳಲ್ಲಿ ಇವರೇ ಹಿರಿಯರು. ಮುಂದೆ ನ್ಯೂಜೆರ್ಸಿಯಲ್ಲಿ ನೆಲೆಸಿ ಹೃದ್ರೋಗ ತಜ್ಞರಾದರು. ಇವರಿಗೆ 12 ಮಕ್ಕಳು. ಮಕ್ಕಳ ಓದಿಗಾಗಿ ಸಮಾನಮನಸ್ಕ ಪೋಷಕರೊಡನೆ ಸೇರಿ, ಕ್ರಿಶ್ಚಿಯನ್ ಬ್ರದರ್ಸ್ ನಡೆಸುವ ಶಾಲೆಯೊಂದು ಲಿಂಕ್ರಾಫ್ಟ್ ಎಂಬಲ್ಲಿ ಆರಂಭವಾಗಲು ದುಡಿದರು. ಹೊರಗಿನಿಂದ ನೋಡಿದವರಿಗೆ ತುಂಬಿದ ಮನೆ, ಒಳ್ಳೆಯ ವೃತ್ತಿ, ಗೌರವದ ಬಾಳು.

ಒಳಗಿನ ಸ್ಥಿತಿ ಬೇರೆಯೇ ಇತ್ತು. 45ರ ಹೊತ್ತಿಗೆ ಅವರಿಗೆ ಎಲ್ಲದರಲ್ಲೂ ಬೇಸರ ಹುಟ್ಟಿತ್ತು. ಕಾಲೇಜಿನಲ್ಲಿದ್ದಾಗ ಒಳ್ಳೆಯ ಓಟಗಾರರಾಗಿದ್ದ ಅವರು 1963ರ ಸುಮಾರಿಗೆ ಮತ್ತೆ ಓಡಲು ತೊಡಗಿದರು. ಬೀದಿಯಲ್ಲಲ್ಲ, ಮೊದಲು ಮನೆಯ ಹಿತ್ತಲಿನಲ್ಲಿ! 26 ಸುತ್ತು ಹಾಕಿದರೆ ಒಂದು ಮೈಲಿ. ಅಂದರೆ ಒಂದು ಸುತ್ತಿಗೆ ಅರುವತ್ತು ಮೀಟರಿಗೆ ತುಸು ಹೆಚ್ಚು. ನಮ್ಮ ಅನೇಕ ದೇವಾಲಯಗಳ ಅಂಗಳ ಅದಕ್ಕಿಂತ ದೊಡ್ಡದು. ಆಮೇಲೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನದೀತೀರದ ರಸ್ತೆಯಲ್ಲಿ ಓಡತೊಡಗಿದರು.

ಆ ಕಾಲದ ಅಮೆರಿಕೆಯನ್ನು ನಾವು ಸ್ವಲ್ಪ ಊಹಿಸಿಕೊಳ್ಳಬೇಕು. ಇಂದು ಬೆಳಗಿನ ಹೊತ್ತು ಯಾವ ಪಟ್ಟಣದ ಉದ್ಯಾನಕ್ಕೆ ಹೋದರೂ ಓಡುವವರು ಕಾಣುತ್ತಾರೆ. 1960ರ ದಶಕದಲ್ಲಿ ಹಾಗಿರಲಿಲ್ಲ. ಓಟದ ಹುಚ್ಚು ಅಮೆರಿಕವನ್ನು ಹಿಡಿದದ್ದು ಫ್ರಾಂಕ್ ಶಾರ್ಟರ್ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಗೆದ್ದ ನಂತರ. ಅದಕ್ಕೆ ಮುಂಚೆ ತಲೆ ನರೆಯುತ್ತಿರುವ ಗೃಹಸ್ಥನೊಬ್ಬ, ಅದೂ ಊರಿನ ಗೌರವಾನ್ವಿತ ಡಾಕ್ಟರು, ಹಾಡುಹಗಲು ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಓಡುವುದೆಂದರೆ ಜನರ ಬಾಯಿಗೆ ಆಹಾರ. ನಮ್ಮಲ್ಲಾಗಿದ್ದರೆ ಮನೆಯವರೇ, "ಯಾರಾದರೂ ನೋಡಿದರೆ ಏನೆಂದುಕೊಳ್ಳುತ್ತಾರೆ?" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರೋ ಏನೋ.

ಷೀಹನ್ ಬಿಡಲಿಲ್ಲ. ತಮ್ಮ 50ನೆಯ ವಯಸ್ಸಿನಲ್ಲಿ ಒಂದು ಮೈಲಿಯನ್ನು 4 ನಿಮಿಷ 47 ಸೆಕೆಂಡುಗಳಲ್ಲಿ ಓಡಿದರು. ಆ ವಯಸ್ಸಿನವರೊಬ್ಬರು ಮೈಲಿಯನ್ನು ಐದು ನಿಮಿಷದೊಳಗೆ ಓಡಿದ್ದು ಜಗತ್ತಿನಲ್ಲೇ ಅದು ಮೊದಲು. 1968ರಿಂದ ಊರಿನ ಪತ್ರಿಕೆಗೆ ಅಂಕಣ ಬರೆದರು. 1978ರಲ್ಲಿ ಹೊರಬಂದ ಅವರ ಪುಸ್ತಕವನ್ನು ಲಕ್ಷಾಂತರ ಜನ ಓದಿದರು. ಆದರೆ ನಾನು ಅವರನ್ನು ನೆನೆಯುವುದು ಈ ದಾಖಲೆಗಳಿಗಾಗಿ ಅಲ್ಲ. ಓಡುತ್ತ ಓಡುತ್ತ ಅವರು ಕಂಡುಕೊಂಡ ಒಂದು ಸತ್ಯಕ್ಕಾಗಿ.

ಏನದು? ತಾನು ಬೇರೆಯವರಂತೆ ಅಲ್ಲ ಎಂಬುದು. ಅದು ತಪ್ಪೂ ಅಲ್ಲ ಎಂಬುದು.

ಅವರದು ಸಣಕಲು ದೇಹ, ಸಣ್ಣ ಮೂಳೆ, ನಾಚಿಕೆಯ ಸ್ವಭಾವ. ಹತ್ತು ಜನರ ನಡುವೆ ನಗುನಗುತ್ತ ಮಾತನಾಡುವ ಕಲೆ ಅವರಿಗೆ ಒಲಿದಿರಲಿಲ್ಲ. ಜೋರು ಮಾಡಿ ಕೆಲಸ ಸಾಧಿಸುವ ಗುಣವೂ ಇರಲಿಲ್ಲ. ಒಳ್ಳೆಯ ವೈದ್ಯ ಹೀಗಿರಬೇಕು, ಒಳ್ಳೆಯ ಅಪ್ಪ ಹೀಗಿರಬೇಕು, ಒಳ್ಳೆಯ ನೆರೆಯವ ಹೀಗಿರಬೇಕು ಎಂದು ಸಮಾಜ ಹೊಲಿದಿಟ್ಟ ಅಂಗಿಯೊಳಗೆ ತನ್ನನ್ನು ತುರುಕಿಕೊಳ್ಳಲು ಅರ್ಧ ಆಯುಷ್ಯ ಕಳೆದಿತ್ತು. ಓಟ ಅವರಿಗೆ ಕಲಿಸಿದ್ದು ಇಷ್ಟು: ಈ ದೇಹ ಹೀಗಿರುವುದು ಅಚಾತುರ್ಯದಿಂದಲ್ಲ, ಈ ಒಂಟಿತನದ ಒಲವು ರೋಗವೂ ಅಲ್ಲ. ಪ್ರತಿಯೊಬ್ಬ ಮನುಷ್ಯನೂ ಮತ್ತೊಮ್ಮೆ ನಡೆಯದ ಒಂದೇ ಒಂದು ಪ್ರಯೋಗ ಎಂಬ ಅರ್ಥದ ಮಾತನ್ನು ಅವರು ಮತ್ತೆ ಮತ್ತೆ ಬರೆದರು. ಒಬ್ಬನಿಗೆ ಹೊಂದಿದ ಊಟ, ಬೂಟು, ವೇಗ ಇನ್ನೊಬ್ಬನಿಗೆ ಹೊಂದಬೇಕಾಗಿಲ್ಲ.

ಈ ತಿಳಿವಿಗೆ ಅವರು ವಿಲಿಯಂ ಷೆಲ್ಡನ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞರ ನೆರವು ಪಡೆದಿದ್ದರು. ಮನುಷ್ಯರನ್ನು ತೆಳುಕಾಯದವರು, ಕಟ್ಟುಮಸ್ತಾದವರು, ದುಂಡಗಿನವರು ಎಂದು ವಿಂಗಡಿಸಿ, ದೇಹದಂತೆ ಸ್ವಭಾವ ಎಂದು ಷೆಲ್ಡನ್ ವಾದಿಸಿದ್ದರು. ದೇಹ ನೋಡಿ ಸ್ವಭಾವ ಹೇಳುವ ಆ ವಾದವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ದಪ್ಪಗಿರುವವರೆಲ್ಲ ಹಾಸ್ಯಪ್ರಿಯರೂ ಅಲ್ಲ, ಸಣ್ಣಗಿರುವವರೆಲ್ಲ ಚಿಂತಕರೂ ಅಲ್ಲ. ನಮ್ಮ ನಮ್ಮ ಮನೆಗಳನ್ನು ನೋಡಿದರೆ ಸಾಕು. ಆದರೆ ಆ ಮುರುಕು ಏಣಿಯನ್ನು ಹತ್ತಿಯೇ ಷೀಹನ್ ಒಂದು ಒಳ್ಳೆಯ ಮಹಡಿಗೆ ತಲುಪಿದರು. ನಾವು ಅದೇ ಜಾಗಕ್ಕೆ ನಮ್ಮ ವಿಶ್ವಾಸದ ಮೆಟ್ಟಿಲುಗಳಿಂದಲೇ ಹೋಗಬಹುದು. ಒಂದೇ ದೇಹದಲ್ಲಿ ಕಣ್ಣು, ಕೈ, ಕಾಲುಗಳು ಬೇರೆ ಬೇರೆಯಾಗಿರುವುದನ್ನು ತೋರಿಸಿ ಸಂತ ಪೌಲರು ಕೊರಿಂಥದ ಸಭೆಗೆ ಬುದ್ಧಿ ಹೇಳಲಿಲ್ಲವೇ?

ಅದೇ ಪತ್ರದಲ್ಲಿ ಪೌಲರು ಓಟದ ಪಂದ್ಯವನ್ನೂ ನೆನಪಿಸುತ್ತಾರೆ. ಅದನ್ನು ಅವರು ಕೊರಿಂಥದವರಿಗೇ ಬರೆದದ್ದರಲ್ಲಿ ಅರ್ಥವಿದೆ. ಆ ಪಟ್ಟಣದ ಪಕ್ಕದಲ್ಲೇ, ಇಸ್ಥ್ಮಿಯ ಎಂಬಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಪೌಲರು ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದವರು. ಗೆದ್ದವನಿಗೆ ಸಿಗುತ್ತಿದ್ದ ಕಿರೀಟ ಚಿನ್ನದ್ದಲ್ಲ, ಸೊಪ್ಪಿನದು. ನಾಲ್ಕು ದಿನದಲ್ಲಿ ಬಾಡುವಂಥದ್ದು. ಅಲ್ಲಿ ಎಲ್ಲರೂ ಓಡಿದರೂ ಬಹುಮಾನ ಒಬ್ಬನಿಗೇ ಎಂಬುದನ್ನು ಪೌಲರು ಗಮನಿಸುತ್ತಾರೆ. ಆದರೆ ತಮ್ಮ ಇಳಿವಯಸ್ಸಿನಲ್ಲಿ ತಿಮೊಥೇಯರಿಗೆ ಬರೆಯುವಾಗ, ಓಟ ಮುಗಿಸಿದ ತಮಗೆ ಸಿಗುವ ಕಿರೀಟ ತಮಗೊಬ್ಬರಿಗೇ ಅಲ್ಲ, ಪ್ರಭುವಿನ ಬರವನ್ನು ಪ್ರೀತಿಯಿಂದ ಎದುರುನೋಡುವ ಎಲ್ಲರಿಗೂ ಸಿಗುವಂಥದ್ದು ಎನ್ನುತ್ತಾರೆ. ದೇವರ ಮೈದಾನದಲ್ಲಿ ಎರಡನೆಯವನು ಸೋತವನಲ್ಲ.

ಇದನ್ನು ನಾವು ಭಾನುವಾರ ಕೇಳುತ್ತೇವೆ. ಸೋಮವಾರ ಮನೆಯಲ್ಲಿ ಏನಾಗುತ್ತದೆ?

ಶಾಲೆಯಿಂದ ಅಂಕಪಟ್ಟಿ ಬರುತ್ತದೆ. "ನಿನ್ನ ಅಕ್ಕನನ್ನು ನೋಡಿ ಕಲಿ." "ಪಕ್ಕದ ಮನೆಯ ಹುಡುಗ ಎಲ್ಲಿ, ನೀನೆಲ್ಲಿ?" ಮಾತು ಬರುವುದು ತಡವಾದ ಮಗು, ಆಟಕ್ಕೆ ಸೇರದ ಹುಡುಗ, ನೆಂಟರು ಬಂದಾಗ ಕೋಣೆಯೊಳಗೆ ಸೇರಿಕೊಳ್ಳುವ ಹುಡುಗಿ, ಎಲ್ಲರಿಗೂ ನಮ್ಮ ಬಳಿ ಒಂದೇ ಅಳತೆಗೋಲು. ಐದು ಬೆರಳೂ ಸಮ ಇರುತ್ತವೆಯೇ ಎಂಬ ಗಾದೆಯನ್ನು ನಾವು ಬಳಸುವುದು ಹೆಚ್ಚಾಗಿ ಬಡವ ಬಲ್ಲಿದರ ಅಂತರವನ್ನು ಸಮರ್ಥಿಸಿಕೊಳ್ಳಲು. ಅಂಕಪಟ್ಟಿ ಕೈಗೆ ಬಂದಾಗ ಆ ಗಾದೆ ನೆನಪಾಗುವುದಿಲ್ಲ. ಹೋಲಿಸಿದರೆ ಮಗು ಹುರುಪಿನಿಂದ ಓದೀತು ಎಂಬುದು ತಂದೆತಾಯಿಯರ ನಂಬಿಕೆ. ಮಗು ಕೇಳಿಸಿಕೊಳ್ಳುವುದು ಬೇರೆ: ನಾನು ನಾನಾಗಿ ಈ ಮನೆಗೆ ಬೇಡ. ಹತ್ತು ವರ್ಷ ಇದನ್ನೇ ಕೇಳಿದ ಮಗ ಇಪ್ಪತ್ತೈದರಲ್ಲಿ ಮನೆಗೆ ಫೋನು ಮಾಡುವುದಿಲ್ಲವೆಂದು ತಾಯಂದಿರು ಕಣ್ಣೀರು ಹಾಕುತ್ತಾರೆ.

ಹೋಲಿಕೆಯ ಈ ಚಟ ಪ್ರೇಷಿತರನ್ನೂ ಬಿಟ್ಟಿರಲಿಲ್ಲ. ಸಮಾಧಿಗೆ ಓಡಿದ ಅದೇ ಇಬ್ಬರು ಶುಭಸಂದೇಶದ ಮುಂದಿನ ಅಧ್ಯಾಯದಲ್ಲಿ ತಿಬೇರಿಯ ಸರೋವರದ ದಡದಲ್ಲಿ ಮತ್ತೆ ಜೊತೆಯಾಗಿ ಕಾಣುತ್ತಾರೆ. ಪುನರುತ್ಥಾನರಾದ ಪ್ರಭು ಪೇತ್ರರಿಗೆ ಮಂದೆಯನ್ನು ಕಾಯುವ ಹೊಣೆಯನ್ನು ಒಪ್ಪಿಸಿ, ಅವರು ಎಂಥ ಮರಣ ಹೊಂದಲಿದ್ದಾರೆ ಎಂಬುದನ್ನೂ ಸೂಚಿಸುತ್ತಾರೆ. ಅಷ್ಟರಲ್ಲಿ ಪೇತ್ರರು ಹಿಂತಿರುಗಿ ನೋಡುತ್ತಾರೆ, ಹಿಂದೆ ಆ ಇನ್ನೊಬ್ಬ ಶಿಷ್ಯರು ಬರುತ್ತಿದ್ದಾರೆ. ಕೂಡಲೇ ಇವರ ಪ್ರಶ್ನೆ: ಹಾಗಾದರೆ ಇವನ ಗತಿ ಏನು? ಅದು ನಿನಗೆ ಸಂಬಂಧಿಸಿದ ವಿಷಯವಲ್ಲ, ನೀನು ನನ್ನ ಹಿಂದೆ ಬಾ ಎಂಬ ಅರ್ಥದ ಉತ್ತರ ಪ್ರಭುವಿನಿಂದ ಬರುತ್ತದೆ. ಶುಭಸಂದೇಶದಲ್ಲಿ ಪೇತ್ರರು ಬೈಸಿಕೊಂಡ ಸಂದರ್ಭಗಳು ಹಲವು. ಅವುಗಳಲ್ಲಿ ನನಗೆ ಬಹಳ ಸಮಾಧಾನ ಕೊಡುವುದು ಇದೇ. ಒಬ್ಬರು ಶಿಲುಬೆಯ ಮರಣಕ್ಕೆ, ಇನ್ನೊಬ್ಬರು ದೀರ್ಘ ಆಯುಷ್ಯಕ್ಕೆ ಎಂದು ಪರಂಪರೆ ಹೇಳುತ್ತದೆ. ಇಬ್ಬರಿಗೂ ಒಂದೇ ದಾರಿಯನ್ನು ಪ್ರಭು ಕೊಡಲಿಲ್ಲ.

ಸಂತರ ಪಟ್ಟಿಯನ್ನೇ ನೋಡಿ. ಅಕ್ವಿನೋದ ಸಂತ ತೋಮಾಸರು ಭಾರಿ ದೇಹದವರು, ಮಾತು ಕಡಿಮೆ. ಸಹಪಾಠಿಗಳು ಅವರನ್ನು ಮೂಕ ಎತ್ತು ಎಂದು ಹಾಸ್ಯ ಮಾಡುತ್ತಿದ್ದರಂತೆ. ಸಂತ ಜಾನ್ ಬೋಸ್ಕೊ ಬಾಲ್ಯದಲ್ಲಿ ಹಗ್ಗದ ಮೇಲೆ ನಡೆದು, ಕೈಚಳಕ ತೋರಿಸಿ ಜನ ಸೇರಿಸಿದವರು. ಬಾಲಯೇಸುವಿನ ಸಂತ ತೆರೇಸಾ 15ರಲ್ಲಿ ಲಿಸ್ಯೂ ಮಠದ ಬಾಗಿಲು ಹೊಕ್ಕವರು, 1897ರಲ್ಲಿ 24ನೆಯ ವಯಸ್ಸಿಗೆ ಅಲ್ಲಿಯೇ ತೀರಿಕೊಂಡರು. ಆದರೂ ಮಿಷನ್ ಕಾರ್ಯದ ಪಾಲಕಿ ಅವರೇ. ಈ ಮೂವರನ್ನು ಒಂದೇ ಶಾಲೆಗೆ ಹಾಕಿ ಒಂದೇ ಪರೀಕ್ಷೆ ಕೊಟ್ಟಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನೂ "ನನ್ನ ಸ್ವಭಾವವೇ ಹೀಗೆ" ಎನ್ನುತ್ತಾನೆ. ನಾಲಿಗೆಗೆ ಬೇಲಿ ಇಲ್ಲದವರೂ ಅದನ್ನೇ ಹೇಳುತ್ತಾರೆ. ನಿಧಾನವಾಗಿ ಓಡುವುದು ಭಿನ್ನತೆ. ಪಕ್ಕದವನಿಗೆ ಕಾಲು ಕೊಟ್ಟು ಬೀಳಿಸುವುದು ಪಾಪ. ಮೊದಲನೆಯದನ್ನು ಒಪ್ಪಿಕೊಳ್ಳಬೇಕು, ಎರಡನೆಯದಕ್ಕೆ ಪಾಪನಿವೇದನೆಯ ಪೀಠವಿದೆ. ಷೀಹನ್ ಅವರ ಬಗೆಗೂ ನನಗೆ ಒಂದು ತಕರಾರಿದೆ. ಒಂಟಿತನವನ್ನು ಅವರು ತುಸು ಹೆಚ್ಚೇ ಹಾಡಿ ಹೊಗಳಿದರು. 12 ಮಕ್ಕಳ ಮನೆಯಲ್ಲಿ ಅಪ್ಪ ಒಬ್ಬನೇ ಓಡಲು ಹೋದಾಗ ಒಲೆಯ ಮುಂದೆ ಯಾರೋ ನಿಂತಿರಲೇಬೇಕಲ್ಲವೇ? ಪ್ರಭು ಯೇಸು ಬೆಳಗಿನ ಜಾವ ಒಬ್ಬರೇ ನಿರ್ಜನ ಸ್ಥಳಕ್ಕೆ ಪ್ರಾರ್ಥಿಸಲು ಹೋಗುತ್ತಿದ್ದರು, ನಿಜ. ಹುಡುಕಿಕೊಂಡು ಬಂದ ಶಿಷ್ಯರ ಜೊತೆ ಮತ್ತೆ ಜನರ ನಡುವೆ ಹೊರಟರು ಎಂಬುದೂ ಅಷ್ಟೇ ನಿಜ.

ಓಟವನ್ನು ಎರಡು ಕಾಲಿನ ಜಾಗದಲ್ಲಿ ನಾಲ್ಕು ಕಾಲಿನದಾಗಿ ಮಾಡಿದ ಇನ್ನೊಬ್ಬ ತಂದೆಯ ಕಥೆಯನ್ನು ಅದಕ್ಕಾಗಿಯೇ ಇಲ್ಲಿ ಹೇಳಬೇಕು. ಡಿಕ್ ಹಾಯ್ಟ್ ಅಮೆರಿಕದ ಮಸಾಚುಸೆಟ್ಸ್‌ನವರು, ಸೈನ್ಯದ ಸೇವೆಯಲ್ಲಿದ್ದವರು. 1962ರಲ್ಲಿ ಅವರ ಮಗ ರಿಕ್ ಹುಟ್ಟುವಾಗ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ಮಿದುಳಿಗೆ ಆಮ್ಲಜನಕ ಸಾಲದೆ ಹೋಯಿತು. ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಸ್ಥಿತಿ. ಕೈಕಾಲು ಸ್ವಾಧೀನವಿಲ್ಲ, ಮಾತಿಲ್ಲ. ಮಗುವನ್ನು ಯಾವುದಾದರೂ ಸಂಸ್ಥೆಗೆ ಸೇರಿಸಿ ಮರೆತುಬಿಡಿ ಎಂದು ವೈದ್ಯರು ಸಲಹೆ ಕೊಟ್ಟರು. ತಂದೆತಾಯಿ ಮಗುವನ್ನು ಮನೆಗೆ ಕರೆತಂದರು. ಮಗುವಿನ ಕಣ್ಣು ತಮ್ಮನ್ನು ಹಿಂಬಾಲಿಸುತ್ತಿರುವುದನ್ನು ಅವರು ಗಮನಿಸಿದ್ದರು. ತಾಯಿ ಜೂಡಿ ಅಕ್ಷರ ಕಲಿಸಿದರು, ಶಾಲೆಗೆ ಸೇರಿಸಲು ವರ್ಷಗಟ್ಟಲೆ ಹೋರಾಡಿದರು. ತಲೆಯನ್ನು ಅಲ್ಲಾಡಿಸಿ ಅಕ್ಷರ ಆರಿಸುವ ಕಂಪ್ಯೂಟರೊಂದನ್ನು 1970ರ ದಶಕದಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ಮಾಡಿಕೊಟ್ಟರು. ಹುಡುಗ ಅದರಲ್ಲಿ ಮೊದಲು ಮೂಡಿಸಿದ್ದು ಅಮ್ಮ ಅಪ್ಪ ಎಂಬ ಮಾತನ್ನಲ್ಲ, ಬಾಸ್ಟನ್ನಿನ ಐಸ್ ಹಾಕಿ ತಂಡಕ್ಕೆ ಜಯಕಾರ! ಅವನೊಳಗೆ ಉಳಿದ ಹುಡುಗರಂತೆಯೇ ಒಬ್ಬ ಹುಡುಗ ಇದ್ದ.

1977ರಲ್ಲಿ, ಅಪಘಾತದಲ್ಲಿ ದೇಹದ ಸ್ವಾಧೀನ ಕಳೆದುಕೊಂಡ ಆಟಗಾರನೊಬ್ಬನ ಸಹಾಯಾರ್ಥ ಐದು ಮೈಲಿಯ ಓಟ ಏರ್ಪಾಡಾಗಿತ್ತು. ತಾನೂ ಭಾಗವಹಿಸಬೇಕೆಂದು ರಿಕ್ ತಂದೆಗೆ ತಿಳಿಸಿದ. ಡಿಕ್ ಓಟಗಾರರಲ್ಲ, ವಯಸ್ಸು ಆಗಲೇ 36. ಆದರೂ ಗಾಲಿಕುರ್ಚಿಯನ್ನು ತಳ್ಳುತ್ತ ಐದು ಮೈಲಿಯನ್ನೂ ಮುಗಿಸಿದರು. ಕೊನೆಯವರಿಗಿಂತ ಒಂದೇ ಸ್ಥಾನ ಮುಂದೆ. ಅಂದು ರಾತ್ರಿ ಮಗ ಕಂಪ್ಯೂಟರಿನ ಮೂಲಕ ತಿಳಿಸಿದ ವಿಷಯ ಇದು: ಓಡುವಾಗ ತಾನು ಅಂಗವಿಕಲ ಎಂಬ ಭಾವನೆಯೇ ತನಗೆ ಇರುವುದಿಲ್ಲ. ತಂದೆಗೆ ಅಷ್ಟೇ ಸಾಕಾಯಿತು. ಮಗ ಶಾಲೆಯಲ್ಲಿರುವ ಹೊತ್ತಿನಲ್ಲಿ ಸಿಮೆಂಟಿನ ಮೂಟೆಯನ್ನು ಕುರ್ಚಿಯಲ್ಲಿಟ್ಟು ತಳ್ಳಿಕೊಂಡು ನಿತ್ಯ ಅಭ್ಯಾಸ ಮಾಡಿದರು.

ಜನ ಕೂಡಲೇ ಹಾರ ಹಾಕಿ ಸ್ವಾಗತಿಸಲಿಲ್ಲ. ಇವರನ್ನು ಓಟಗಾರರ ಸಾಲಿಗೆ ಸೇರಿಸಬೇಕೋ ಗಾಲಿಕುರ್ಚಿಯವರ ಸಾಲಿಗೆ ಸೇರಿಸಬೇಕೋ ಎಂಬುದೇ ದೊಡ್ಡ ಜಿಜ್ಞಾಸೆ. ಇಬ್ಬರಲ್ಲಿ ಯಾರ ನಿಯಮಕ್ಕೂ ಇವರು ಹೊಂದುತ್ತಿರಲಿಲ್ಲ. 1981ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಅಧಿಕೃತ ಸ್ಥಾನವಿಲ್ಲದೆಯೇ 42 ಕಿಲೋಮೀಟರು ಓಡಿದರು. ಅಧಿಕೃತವಾಗಿ ಸೇರಬೇಕಾದರೆ ತಂದೆಯ ವಯಸ್ಸಿಗೆ ಗೊತ್ತುಪಡಿಸಿದ ಸಮಯವಲ್ಲ, ಇಪ್ಪತ್ತರ ಹರೆಯದ ಮಗನ ವಯಸ್ಸಿಗೆ ಗೊತ್ತುಪಡಿಸಿದ ಸಮಯದೊಳಗೆ ಓಡಿ ತೋರಿಸಬೇಕು ಎಂದಾಯಿತು. 1983ರಲ್ಲಿ ವಾಷಿಂಗ್ಟನ್ನಿನ ಮ್ಯಾರಥಾನನ್ನು, ಕುರ್ಚಿ ತಳ್ಳುತ್ತಲೇ, 2 ಗಂಟೆ 45 ನಿಮಿಷಗಳಲ್ಲಿ ಮುಗಿಸಿ ಅದನ್ನೂ ತೋರಿಸಿದರು. ಬಾಸ್ಟನ್ನಿನ ಬಾಗಿಲು ತೆರೆಯಿತು. ರಿಕ್ 1993ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಪದವಿ ಪಡೆದರು. ತಂದೆ ಮಗ ಸೇರಿ ಸಾವಿರಕ್ಕೂ ಹೆಚ್ಚು ಓಟಗಳಲ್ಲಿ ಭಾಗವಹಿಸಿದರು. ತಮ್ಮ ಕೊನೆಯ ಬಾಸ್ಟನ್ ಮ್ಯಾರಥಾನನ್ನು 2014ರಲ್ಲಿ ಓಡಿದಾಗ ಡಿಕ್ ಅವರಿಗೆ 73 ವರ್ಷ, ಕುರ್ಚಿಯಲ್ಲಿದ್ದ ಮಗನಿಗೆ 52. ತಂದೆ 2021ರಲ್ಲಿ, ಮಗ 2023ರಲ್ಲಿ ತೀರಿಕೊಂಡರು.

ನಮ್ಮ ಧರ್ಮಕೇಂದ್ರಗಳಲ್ಲೂ ಇಂಥ ಮಕ್ಕಳಿದ್ದಾರೆ. ಅವರು ಬಲಿಪೂಜೆಯಲ್ಲಿ ಶಬ್ದ ಮಾಡುತ್ತಾರೆಂದು ಜನ ತಿರುಗಿ ನೋಡುತ್ತಾರೆ. ಹಾಗೆ ಎರಡು ಮೂರು ಸಲ ನೋಡಿದ ಮೇಲೆ ಆ ತಾಯಿ ದೇವಾಲಯಕ್ಕೆ ಬರುವುದನ್ನೇ ನಿಲ್ಲಿಸುತ್ತಾಳೆ. ಪರಮಪ್ರಸಾದದ ಸಾಲಿನಲ್ಲಿ ಕೋಲೂರಿ ನಿಧಾನ ಬರುವ ಅಜ್ಜಿಯ ಹಿಂದೆ ನಿಂತು ನಾವು ಗಡಿಯಾರ ನೋಡುತ್ತೇವೆ. ಭಾಷೆ ಬೇರೆಯಾದವರ ಪಕ್ಕದಲ್ಲಿ ಕುಳಿತರೂ ಪೂಜೆ ಮುಗಿದ ಮೇಲೆ ಒಂದು ಮಾತೂ ಆಡದೆ ಮನೆಗೆ ಹೋಗುತ್ತೇವೆ. ನಮಗಿಂತ ನಿಧಾನವಾದವರು ಬರಲಿ ಎಂದು ಬಾಗಿಲಲ್ಲಿ ಕಾಯುವಷ್ಟು ಪುರುಸೊತ್ತು ಪಾಸ್ಖದ ಬೆಳಿಗ್ಗೆ ಯೊವಾನ್ನರಿಗಿತ್ತು. ಅದೂ ಜಗತ್ತಿನ ಇತಿಹಾಸದಲ್ಲೇ ಅತಿ ದೊಡ್ಡ ಸುದ್ದಿ ಒಳಗೆ ಕಾದಿರುವಾಗ!

ಕಾಯುವ ಈ ಗುಣ ಒಂದೇ ದಿನದಲ್ಲಿ ಬರುವುದಿಲ್ಲ. ನಿತ್ಯ ಓಡುವವರಿಗೆ ಇದು ಚೆನ್ನಾಗಿ ಗೊತ್ತು. ಮೊದಲ ವಾರ ಕಾಲು ನೋಯುತ್ತದೆ, ಎದೆ ಉರಿಯುತ್ತದೆ, ಮುಂದೆ ಹೋದವರ ಮೇಲೆ ಹೊಟ್ಟೆಕಿಚ್ಚೂ ಆಗುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಉಸಿರು ಒಂದು ಲಯಕ್ಕೆ ಬರುತ್ತದೆ. ಜಪಸರದ ಮಣಿಗಳು ಬೆರಳಿನಿಂದ ಬೆರಳಿಗೆ ಜಾರುವಂತೆ ಹೆಜ್ಜೆಗಳು ಜಾರುತ್ತವೆ. ಆಗ ಯಾರು ಮುಂದೆ ಯಾರು ಹಿಂದೆ ಎಂಬ ಲೆಕ್ಕ ತಾನಾಗಿಯೇ ತಪ್ಪಿಹೋಗುತ್ತದೆ. ಹಿರಿಯರಾದ ಮೇಲಂತೂ ದೇಹವೇ ಪಾಠ ಹೇಳುತ್ತದೆ. 30 ದಾಟಿದ ಮೇಲೆ ಆಮ್ಲಜನಕವನ್ನು ಬಳಸಿಕೊಳ್ಳುವ ದೇಹದ ಗರಿಷ್ಠ ಶಕ್ತಿ ಪ್ರತಿ 10 ವರ್ಷಕ್ಕೆ ನೂರಕ್ಕೆ ಸುಮಾರು 10ರಷ್ಟು ಕುಗ್ಗುತ್ತದೆ. ನಿತ್ಯ ಅಭ್ಯಾಸ ಉಳ್ಳವರಲ್ಲಿ ಈ ಇಳಿತ ನಿಧಾನ, ಆದರೆ ಇಲ್ಲದೆ ಇಲ್ಲ. ಇದನ್ನು ಓದಿ ನಾಳೆ ಬೆಳಿಗ್ಗೆಯೇ ಓಡಲು ಹೊರಡುವ 60 ದಾಟಿದ ವಾಚಕರು ದಯವಿಟ್ಟು ಮೊದಲು ವೈದ್ಯರನ್ನು ಕಾಣಿ. ನಡಿಗೆಯೂ ಸಾಲುತ್ತದೆ.

ಹಾಗೆ ಕುಗ್ಗುತ್ತ ಹೋಗುವ ದೇಹದ ಜೊತೆ ರಾಜಿಯಾಗುವುದು ಬಹುಶಃ ಎಲ್ಲಕ್ಕಿಂತ ಕಷ್ಟದ ಒಪ್ಪಿಗೆ. ನಿನ್ನೆಯ ನನಗಿಂತ ಇಂದಿನ ನಾನು ಬೇರೆ ಎಂದು ಒಪ್ಪಿಕೊಳ್ಳಲಾಗದ ಹಿರಿಯರು ಮನೆಯಲ್ಲಿ ಎಲ್ಲರ ಮೇಲೂ ಸಿಡುಕುತ್ತಾರೆ. ಸೊಸೆಯ ಅಡಿಗೆಯಲ್ಲಿ ಉಪ್ಪು ಹೆಚ್ಚಾಗಿರುವುದಲ್ಲ ವಿಷಯ. ತಮ್ಮ ಕಾಲು ಮೊದಲಿನಂತೆ ಮೆಟ್ಟಿಲು ಹತ್ತುವುದಿಲ್ಲ ಎಂಬುದು ವಿಷಯ. ಕಿರಿಯರು ಇದನ್ನು ಅರಿತರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ಪ್ರಭು ಪೇತ್ರರಿಗೆ ಸರೋವರದ ದಡದಲ್ಲಿ ಹೇಳಿದ್ದರಲ್ಲಿ ಇದೂ ಸೇರಿತ್ತು: ಚಿಕ್ಕವನಿದ್ದಾಗ ನೀನೇ ನಡು ಕಟ್ಟಿಕೊಂಡು ಬೇಕಾದಲ್ಲಿಗೆ ಹೋಗುತ್ತಿದ್ದೆ, ಮುದುಕನಾದಾಗ ಇನ್ನೊಬ್ಬರು ಕಟ್ಟಿ ಕರೆದೊಯ್ಯುತ್ತಾರೆ ಎಂಬ ಅರ್ಥದ ಮಾತು.

ಷೀಹನ್ ಅವರಿಗೂ ಆ ದಿನ ಬಂತು. 1986ರಲ್ಲಿ ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಆಗಲೇ ಅದು ಮೂಳೆಗಳಿಗೆ ಹರಡಿತ್ತು. ಸ್ವತಃ ವೈದ್ಯರಾದ್ದರಿಂದ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅದಾದ ಮೇಲೂ ಅವರು ವರ್ಷಗಳ ಕಾಲ ಓಡಿದರು, ಬರೆದರು, ಸಭೆಗಳಲ್ಲಿ ಮಾತನಾಡಿದರು. ಒಂದು ಕಾಲಕ್ಕೆ ಹಿಂದಿಕ್ಕಿದ್ದವರೆಲ್ಲ ಈಗ ಅವರನ್ನು ದಾಟಿ ಹೋಗುತ್ತಿದ್ದರು. ಸಾಯುವುದು ಹೇಗಿರುತ್ತದೆ ಎಂಬುದನ್ನೂ ಓಟದ ಬಗ್ಗೆ ಬರೆದಷ್ಟೇ ನೇರವಾಗಿ ಬರೆಯತೊಡಗಿದರು. 75 ತುಂಬಲು ನಾಲ್ಕು ದಿನ ಉಳಿದಿರುವಾಗ, ನ್ಯೂಜೆರ್ಸಿಯ ಕಡಲತೀರದ ಊರಾದ ಓಷನ್ ಗ್ರೋವ್‌ನಲ್ಲಿ ತೀರಿಕೊಂಡರು. ಅಂದು 1993ರ ನವೆಂಬರ್ 1, ಸಕಲ ಸಂತರ ಹಬ್ಬ. ಹಾಸಿಗೆ ಹಿಡಿದ ಮೇಲೂ ಬಿಡದೆ ಬರೆಯುತ್ತಿದ್ದ ಪುಸ್ತಕ ಅಚ್ಚಾಗಿ ಹೊರಬಂದದ್ದು ಅವರು ಹೋದ ಮೂರು ವರ್ಷಗಳ ನಂತರ.